ಚೌಕದಲ್ಲಿ ಸದ್ದಡಗಿದ ಮೇಲೆ

ಗುರುವಾರ, ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ,

ತಂಗಿಯೆಂಬ ಈ ಅಲ್ಪಪ್ರಾಣಿ ತಲೆಬಾಗಿ ಬೇಡಿಕೊಳ್ಳುವುದೇನೆಂದರೆ: ನಾಲ್ಕು ತಿಂಗಳು ಉತ್ತರ ಬರೆಯದ ಅಪರಾಧವನ್ನು ದೊಡ್ಡ ಮನಸ್ಸು ಮಾಡಿ ಮನ್ನಿಸುವುದು. ‘ಮನೆಗೆ ವಾಪಸ್ ಬಂದುಬಿಡಲಾ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ಅಪ್ಪ ಬೇಡ ಅಂದರು. ಇನ್ನು ಆ ಮನೆ ಸುದ್ದಿ ನನಗೆ ಬರೆಯಬೇಡ’ ಎಂದು ನೀನು ಬರೆದ ಮೇಲೆ ನನಗೇನೂ ತೋಚಲಿಲ್ಲ. ಅಪ್ಪನನ್ನು ಕೇಳುವ ಧೈರ್ಯವೂ ಬರಲಿಲ್ಲ. ಆದರೂ ಇವತ್ತು ಆ ಮನೆ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ಸೋಮವಾರದಿಂದ ಹಳೇ ಪೇಟೆಯೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ದಂಡು ಬಂದಾಗಲೂ ಮುಚ್ಚದ ಕೋಟೆ ಬಾಗಿಲು ಸ್ಕೂಟರಿಗೆ ಮುಚ್ಚಿತು! ಚೌಕದ ಗುರುತೇ ಸಿಗುವುದಿಲ್ಲ, ಅಕ್ಕ. ಗೋಪುರದ ಗಡಿಯಾರಕ್ಕೆ ಟಿಕ್ ಟಿಕ್ ಸದ್ದಿದೆಯೆಂದು ಈಗ ತಿಳಿಯಿತು. ಜನ ನಡುರಸ್ತೆಯಲ್ಲಿ ನಿಂತು ಕಲ್ಲಿನ ಕಮಾನುಗಳನ್ನು ತಲೆಯೆತ್ತಿ ನೋಡುತ್ತಾರೆ. ಕಿರುಚಿ ರೂಢಿಯಾದ ಗಂಟಲುಗಳು ಮಾತ್ರ ಇನ್ನೂ ಇಳಿದಿಲ್ಲ. ಎದುರಿನ ದರ್ಜಿ ಹೆಂಡತಿಗೆ, “ನಿನ್ ತಮ್ಮ ಬಂದ್ರೆ ನಾನಿಲ್ಲ ಅನ್ನು!” ಎಂದು ಗುಟ್ಟು ಹೇಳಿದ್ದು ನಾಲ್ಕು ಬೀದಿಗೂ ಕೇಳಿತು. ಬೀದಿ ತುದಿಗೆ ಬಂದಿದ್ದ ತಮ್ಮ ಅಲ್ಲಿಂದಲೇ ತಿರುಗಿ ಹೋದ.

ಇಂಥ ಕಡೆ ಹಾರ್ನ್ ಮಾರುವ ಅಪ್ಪನ ಗತಿ ಏನು ಹೇಳು! ಬೆಳಗ್ಗಿನಿಂದ ಅಂಗಡಿಯಲ್ಲಿ ಕೂತು ಹಾರ್ನುಗಳ ಧೂಳು ಒರೆಸುವುದೇ ಕೆಲಸ. ಸ್ವಲ್ಪ ನಗಿಸೋಣವೆಂದು ನಿನ್ನೆ ಮಧ್ಯಾಹ್ನ ಲಾರಿಯ ದೊಡ್ಡ ಹಾರ್ನನ್ನು ಬ್ಯಾಟರಿಗೆ ಸಿಕ್ಕಿಸಿ, ಕಳ್ಳ ಹೆಜ್ಜೆಯಲ್ಲಿ ಅವರ ಬೆನ್ನ ಹಿಂದೆ ಹೋಗಿ ಒತ್ತಿದೆ. ಪಾರಿವಾಳಗಳು ಹಾರಿದವು. ದರ್ಜಿ ಕತ್ತರಿ ಬಿಸಾಕಿ ಓಡಿದ. ಮಹಡಿಯಿಂದ ಅಮ್ಮ, “ಏ ಕತ್ತೆ, ಜೀವ ಹೋಯ್ತಲ್ಲೇ!” ಎಂದು ಚೀರಿದಳು.

ಅಪ್ಪ ಒರೆಸುತ್ತಲೇ ಇದ್ದರು.

ಇನ್ನೊಮ್ಮೆ ಒತ್ತಿದೆ. ಒರೆಸುವ ಬಟ್ಟೆ ನಿಲ್ಲಲಿಲ್ಲ.

ಅಮ್ಮ ಇಳಿದು ಬಂದು ಅವರ ಭುಜ ಹಿಡಿದು, “ನಿಮಗೆ ಕೇಳಿಸಲಿಲ್ವಾ?” ಎಂದಳು, ಮೆಲ್ಲಗೆ.

“ಜೋರಾಗಿ ಹೇಳು ಮಾರಾಯ್ತಿ, ಹೊರಗೆ ಎಷ್ಟು ಗಲಾಟೆ ನೋಡು” ಅಂದರು ಅಪ್ಪ, ಅಭ್ಯಾಸಬಲದಿಂದ.

ಹೊರಗೆ ಪಾರಿವಾಳಗಳೂ ಆಗಲೇ ಮರಳಿ ಕೂತಿದ್ದವು. ಅಪ್ಪ ಖಾಲಿ ಬೀದಿ ನೋಡಿದರು, ನಮ್ಮ ಮುಖ ನೋಡಿದರು, ತಲೆ ತಗ್ಗಿಸಿದರು. ಎಷ್ಟು ವರ್ಷದಿಂದಲೋ! ನಾವು ಎದುರು ನಿಂತು ಕಿರುಚುತ್ತಿದ್ದೆವು, ಅವರು ನಮ್ಮ ತುಟಿ ನೋಡಿ ಸಂಸಾರ ನಡೆಸುತ್ತಿದ್ದರು. ಅಷ್ಟು ಗದ್ದಲದಲ್ಲಿ ನಮಗ್ಯಾರಿಗೂ ಗೊತ್ತೇ ಆಗಲಿಲ್ಲ.

ಚಿಕ್ಕವಳಾದರೂ ಗಾಂಭೀರ್ಯದಿಂದ ಹರಸುತ್ತೇನೆ: ನೂರು ವರ್ಷ ನಿನ್ನ ಕಿವಿ ಚೆನ್ನಾಗಿರಲಿ.

ನಿನ್ನ,
ಕತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಕೆಳಗೆ ತಳ್ಳಿದ್ದು. ತುಟಿ ಕಾಣದ ಫೋನಿನಲ್ಲಿ, ಯಾರೇ ಮಾಡಿರಲಿ, ಅಪ್ಪ ಹೇಳುತ್ತಿದ್ದುದು ಒಂದೇ ಮಾತಂತೆ: “ಈಗ ಬೇಡ, ಆಮೇಲೆ ನೋಡೋಣ.” ಮಾಲು ತರುವವರಿಗೆ ಹೇಳುವ ಮಾತು. ನೀನು ಆ ದಿನ ಕೇಳಿದ್ದನ್ನು ಇವತ್ತು ಬೆಳಗ್ಗೆ ಚೀಟಿಯಲ್ಲಿ ಬರೆದು ಅವರ ಮುಂದಿಟ್ಟೆ. ಎರಡು ಸಲ ಓದಿದರು. “ಅದಕ್ಕೆ ನಾನೇನಂದೆ?” ಎಂದು ಕೇಳಿದರು. ಇಡೀ ಪೇಟೆಯನ್ನು ಬೇಸ್ತು ಬೀಳಿಸುವ ನನಗೆ, ಅಕ್ಕ, ಒಂದು ಸುಳ್ಳೂ ಹೊಳೆಯಲಿಲ್ಲ.