ವಾರಕ್ಕೆರಡು ದಿನದ ಮಾತು

ನವೆಂಬರ್ ೧೪, ಗುರುವಾರ

ಇಂಟರ್ನೆಟ್ ಬಿಲ್ಲು ಒಂದೂವರೆ ಪಟ್ಟು ಏರಿದೆ. ತಪ್ಪು ನನ್ನದೇ. ಬಾಡಿಗೆ ಕಡಿಮೆಯೆಂದು ಹೋದ ತಿಂಗಳು ಮನೆಯ ಫೋನನ್ನು ಬೇರೆ ಕಂಪನಿಗೆ ಬದಲಾಯಿಸಿ, ಯಜಮಾನರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಇಂಟರ್ನೆಟ್ ಮಾತ್ರ ಹಳೆಯ ಕಂಪನಿಯದೇ ಇದೆ, ಇವತ್ತು ಅಲ್ಲಿಗೆ ಕರೆ ಮಾಡಿದೆ.

"ಫೋನು, ಇಂಟರ್ನೆಟ್ಟು ಎರಡೂ ನಮ್ಮಲ್ಲೇ ಇದ್ರೆ ಮಾತ್ರ ರಿಯಾಯ್ತಿ ಮೇಡಂ," ಎಂದಳು ಆ ಹುಡುಗಿ.

"ಯಾರೂ ಹೇಳ್ಲೇ ಇಲ್ವಲ್ಲಮ್ಮಾ?"

"ನೀವು ಕೇಳ್ಲಿಲ್ವಲ್ಲ ಮೇಡಂ."

ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಕಡಿಮೆ ಡೇಟಾದ ಪ್ಲಾನ್ ತಗೊಳ್ಳೋಣ. ನಿಮ್ಮಕ್ಕನ ಜೊತೆ ಮಾತಿಗೆ ವಾರಕ್ಕೆರಡು ದಿನ ಸಾಕಲ್ವಾ?" ಎಂದರು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ದಿನಾ ಸಂಜೆ ಹೊಲಿಗೆ ಮಿಷನ್ ನಿಲ್ಲಿಸಿದ ಮೇಲೆ ವಿಡಿಯೊದಲ್ಲಿ ಅವಳೊಂದಿಗೆ ಕೈಯಲ್ಲೇ ಮಾತಾಡುತ್ತೇನೆ. ಚಿಕ್ಕಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡ ಭಾಷೆ ಅದು. ಬೇರೆ ಯಾರಿಗೂ ಪೂರ್ತಿ ಬಾರದು.

ಇವತ್ತು "ಇನ್ನು ವಾರಕ್ಕೆರಡೇ ದಿನ" ಎಂದು ಬೆರಳಲ್ಲಿ ತೋರಿಸಿದೆ. ಅವಳ ಕೈಗಳು ಮಡಿಲಿಗೆ ಬಿದ್ದವು. ಆಮೇಲೆ ಮೆಲ್ಲಗೆ ಎದ್ದು, "ನಾನೇನ್ ತಪ್ಪು ಮಾಡ್ದೆ?" ಎಂದು ಕೇಳಿದವು. ನನಗೆ ತಡೆಯಲಾಗಲಿಲ್ಲ. ಬಿಲ್ಲು, ಫೋನು, ನನ್ನ ಜಂಬ, ಎಲ್ಲ ಹೇಳಿಬಿಟ್ಟೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹಾಗಾದ್ರೆ ಆ ಫೋನನ್ನೇ ತೆಗೆಸಿಬಿಡೇ. ಅದ್ರಲ್ಲಿ ನಂಗೆ ನೀನು ಒಂದಿನಾನೂ ಕೇಳಿಸಿಲ್ಲ."

ಇಷ್ಟು ವರ್ಷ ಆ ಫೋನಿನಲ್ಲಿ ನಾನು ಮಾತಾಡಿದ್ದು ಯಾರೊಂದಿಗೆ? ಹೊಲಿಗೆಯ ಗಿರಾಕಿಗಳು, ನಾದಿನಿ, ರಾಂಗ್ ನಂಬರಿನವರು. ಬೆಳಿಗ್ಗೆ ಯಜಮಾನರಿಗೆ ಹೇಳಬೇಕು, ಫೋನಿನ ಬಾಡಿಗೆ ಉಳಿಯುತ್ತದಲ್ಲ, ಇಂಟರ್ನೆಟ್ ಇದ್ದ ಹಾಗೇ ಇರಲಿ, ಫೋನು ಮಾತ್ರ... ಕಣ್ಣು ಎಳೆಯುತ್ತಿದೆ.