ಹೆಲ್ಮೆಟ್ಟಿನೊಳಗಿನ ಮೂರನೇ ಚೀಟಿ

ಮಂಗಳವಾರ, ಸಂಜೆ

ಮುದ್ದು ಅಕ್ಕಾ,

ಇದನ್ನು ಭಾವನಿಗೆ ತೋರಿಸಬೇಡ. ಮದುವೆಯ ಫೋಟೋಗಳೇ ಇನ್ನೂ ಕೈಗೆ ಬಂದಿಲ್ಲ, ಆಗಲೇ ಗಂಡನ ಮೇಲೆ ದೂರೇ ಎಂದು ನಕ್ಕುಬಿಟ್ಟಾರು. ದೂರಲ್ಲ ಕಣೇ! ನನ್ನ ಗಂಡನಂಥ ಗಂಡ ಯಾರಿಗಿದ್ದಾನೆ ಹೇಳು? ಹಾಲು ತರಲೂ ಹಾರಿಕೊಂಡೇ ಹೋಗುತ್ತಾರೆ. ಬರುವಾಗ ಅಡುಗೆಮನೆಯ ಕಿಟಕಿ ತಟ್ಟಿ ಕಣ್ಣು ಹೊಡೆಯುತ್ತಾರೆ. ಮೂರನೇ ಮಹಡಿಯ ಕಿಟಕಿ!

ನನಗಿರುವ ಶಕ್ತಿ ನಿನಗೆ ಗೊತ್ತಲ್ಲ, ಬೀದಿಯಾಚೆಯವರ ಎದೆಬಡಿತವೂ ಕೇಳಿಸುತ್ತದೆ. ಕುಸಿದ ಕಟ್ಟಡದಡಿ ಯಾರಿಗೆ ಜೀವವಿದೆ ಎಂದು ತಿಳಿಯಲು ಈ ಹೊಸ ಸೂಪರ್‌ಹೀರೋ ತಂಡಕ್ಕೆ ಇವರ ಜೊತೆ ನನ್ನನ್ನೂ ಸೇರಿಸಿಕೊಂಡರು. ಆ ಕಿವಿಯೇ ನನ್ನ ಹೊಟ್ಟೆಗೆ ಕಿಚ್ಚಿಟ್ಟಿದೆ. ತಂಡದಲ್ಲೊಬ್ಬಳಿದ್ದಾಳೆ, ಬಸ್ಸನ್ನು ಬುಟ್ಟಿಯಂತೆ ಎತ್ತುವವಳು. ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಾರೆ. ಅವಳು ಒಳಗೆ ಕಾಲಿಟ್ಟರೆ ಸಾಕು, ನನ್ನವರ ಎದೆ ಕುದುರೆಯಂತೆ ಓಡುತ್ತದೆ. ನಾನು ಎಷ್ಟೇ ಸಿಂಗರಿಸಿಕೊಂಡು ನಿಂತರೂ ಅದೇ ಎದೆ ಗೋಡೆ ಗಡಿಯಾರದಂತೆ ಟಿಕ್ ಟಿಕ್!

ಕೇಳಿದ್ದಕ್ಕೆ, "ಅವಳನ್ನ ಕಂಡ್ರೆ ಮೈ ಉರಿಯುತ್ತೆ ಕಣೇ. ತಾನೇ ನಾಯಕಿ ಅಂದ್ಕೊಂಡಿದ್ದಾಳೆ" ಎಂದರು. ಇರಬಹುದು. ನನಗೆ ಬಡಿತ ಕೇಳಿಸುತ್ತದೆ, ಕಾರಣ ಕೇಳಿಸುವುದಿಲ್ಲವಲ್ಲ.

ಹೋದ ವಾರ ಒಂದು ಆಸ್ಪತ್ರೆಯ ಲಿಫ್ಟ್ ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಇವರು ಮೇಲಿನಿಂದ ಎಳೆದರು, ಅವಳು ಕೆಳಗಿನಿಂದ ಎಳೆದಳು. "ಮೇಲಕ್ಕೆ ಬಿಡಿ!" "ನೀವು ಕೆಳಕ್ಕೆ ಬಿಡಿ!" ಲಿಫ್ಟ್ ಅಲ್ಲಾಡಲಿಲ್ಲ. ಒಳಗಿದ್ದ ಅಜ್ಜಿಯೊಬ್ಬರು, "ನೀವಿಬ್ರೂ ನಿಧಾನಕ್ಕೆ ತೀರ್ಮಾನ ಮಾಡ್ಕೊಳ್ಳಿ. ಅಲ್ಲೀವರೆಗೆ ನಂಗೊಂದು ಕುರ್ಚಿ ಕೊಡಿ" ಎಂದು ಕೂಗಿದರು!

ನಾಯಕರನ್ನು ಆರಿಸಲೇಬೇಕಾಯಿತು. ಪೈಪೋಟಿಗಿಳಿದವರು ಇವರಿಬ್ಬರೇ, ಅವರು ಮತ ಹಾಕುವಂತಿಲ್ಲ. ಉಳಿದವರು ಮೂವರೇ: ಬೆಂಕಿ ನುಂಗುವ ಡ್ರಾಯಿಂಗ್ ಮೇಷ್ಟ್ರು, ಗೋಡೆಯೊಳಗೆ ತೂರಿಹೋಗುವ ಅಂಚೆಯಣ್ಣ, ನಾನು. ಮೇಷ್ಟ್ರು ಅವಳ ಕಡೆ, ಅಂಚೆಯಣ್ಣ ಇವರ ಕಡೆ ಎಂದು ಮೊದಲೇ ಎಲ್ಲರಿಗೂ ಗೊತ್ತಿತ್ತು. ಆ ದಿನ ಬೆಳಿಗ್ಗೆ ಇವರೇ ಚಹಾ ಮಾಡಿಕೊಟ್ಟು, "ನಿನ್ನ ಮತ ನಂದೇ ತಾನೆ?" ಎಂದರು. "ಅದೂ ಒಂದು ಕೇಳೋ ಮಾತಾ?" ಎಂದೆ. ಹೆಲ್ಮೆಟ್ಟಿನಲ್ಲಿ ಚೀಟಿ ಹಾಕಿದೆವು.

ಗೆದ್ದವಳು ಗಟ್ಟಿಗಿತ್ತಿ.

ಇವರು ಅಂಚೆಯಣ್ಣನನ್ನು ದುರುಗುಟ್ಟಿ ನೋಡಿದರು. "ಬೆನ್ನಿಗೆ ಚೂರಿ ಹಾಕ್ಬಿಟ್ಯಲ್ಲೋ!" ಪಾಪ, ಆತ ಅರ್ಧ ಗೋಡೆಯೊಳಗೆ ಹೋಗಿ ನಿಂತುಬಿಟ್ಟ. ನಾನು ಹೆಲ್ಮೆಟ್ಟು ಒರೆಸುತ್ತ ಕೂತೆ.

ಈಗ ಫೋನು, ವರದಿ, ಮೇಲಿನವರ ಬೈಗುಳ, ಎಲ್ಲ ನಾಯಕಿಯ ತಲೆಗೆ. ಕತ್ತಲಾದರೂ ಅವಳು ಆಫೀಸಿನಲ್ಲೇ. ನನ್ನವರು ಮಾತ್ರ ದೀಪ ಹಚ್ಚುವ ಮುಂಚೆಯೇ ಮನೆಗೆ. ಮುಖ ಊದಿಸಿಕೊಂಡು ಸೂರಿಗೆ ಬೆನ್ನು ತಾಗಿಸಿ ತೇಲುತ್ತಿರುತ್ತಾರೆ, ಊಟಕ್ಕೆ ಕರೆದರೂ ಇಳಿಯುವುದಿಲ್ಲ. ಇರಲಿ ಬಿಡು. ಮುನಿಸಿಕೊಂಡರೂ ನಮ್ಮ ಮನೆಯಲ್ಲೇ ಮುನಿಸಿಕೊಂಡಿದ್ದಾರಲ್ಲ!

ಸುಖದಲ್ಲಿ ತೇಲುತ್ತಿರುವ,
ನಿನ್ನ ಪುಟ್ಟಿ

ತಾ.ಕ.: ನೀನು ಊಹಿಸಿರುತ್ತೀಯ. ಹೌದು, ಅವಳ ಹೆಸರು ಬರೆದವಳು ನಾನೇ. ಗೆದ್ದವರು ಆಫೀಸಿಗೆ, ಸೋತವರು ನನಗೆ ಎಂದುಕೊಂಡಿದ್ದೆ. ಲಕೋಟೆ ಅಂಟಿಸುವಷ್ಟರಲ್ಲಿ ನಾಯಕಿಯ ಮೊದಲ ಆದೇಶ ಬಂತು: ನನ್ನ ಗಂಡ ಉಪನಾಯಕ. ನಾಳೆಯಿಂದ ಅವಳ ಪಕ್ಕದ ಮೇಜು, ಅವಳಿರುವಷ್ಟು ಹೊತ್ತೂ ಇವರೂ ಇರಬೇಕು. "ಥೂ, ಯಾರಿಗೆ ಬೇಕಿತ್ತು ಇದು!" ಎಂದು ಆಗಿನಿಂದ ಗೊಣಗುತ್ತಲೇ ಇದ್ದಾರೆ. ನಾನು ಅಡುಗೆಮನೆಯಲ್ಲಿದ್ದೇನೆ, ನಡುವೆ ಎರಡು ಗೋಡೆ. ಕುದುರೆ ಓಡುತ್ತಿದೆ ಅಕ್ಕಾ. ಇದೂ ಮೈ ಉರಿಯೇನೇ?