ನಮ್ಮ ಮನೆಯ ಹಳದಿ ಮಚ್ಚೆ

ಕುಷಾಯಿಗೂಡ, ಹೈದರಾಬಾದ್
೧೨ ಫೆಬ್ರವರಿ ೨೦೦೪

ಪ್ರೀತಿಯ ಅವ್ವನಿಗೆ ಹಿರಿಮಗಳು ದಾನೇಶ್ವರಿಯ ನಮಸ್ಕಾರ.

ನಿನ್ನ ತಮ್ಮ, ಅಂದರೆ ನನ್ನ ಯಜಮಾನರು, ಮಾದಾಪುರದ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳಲ್ಲಿ ಟೈಲ್ಸ್ ಹಾಕುತ್ತಿದ್ದಾರೆ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಎದೆ ಹಿಡಿದ ಹಾಗಾಗುತ್ತದಂತೆ. ಗ್ಯಾಸ್ ಎಂದು ಸೋಡಾ ಕುಡಿದು ಸುಮ್ಮನಾಗುತ್ತಾರೆ. ನಿನ್ನ ಮೊಮ್ಮಗಳು ತಾರಾ ಒಂದನೇ ಕ್ಲಾಸಿಗೆ ಹೋಗುತ್ತಾಳೆ, ಆರಾಮ ಇದ್ದಾಳೆ.

ಯುಗಾದಿಗೆ ತಂಗಿ ಸುಮಂಗಲಾಳನ್ನು ನಿನ್ನ ಕಿರಿತಮ್ಮ ಹಂಪಯ್ಯ ಮಾವನಿಗೆ ನಿಶ್ಚಯ ಮಾಡುತ್ತೀ ಎಂದು ಬರೆಸಿದ್ದೀ. ಅವ್ವಾ, ಅದನ್ನು ನಿಲ್ಲಿಸು. ನಡುವೆ ಎದ್ದು ಹೋಗದೆ ಪೂರ್ತಿ ಕೇಳು.

ತಾರಾಳ ಮೊಣಕಾಲು, ಮೊಣಕೈ ಮೇಲೆ ಹಳದಿ ಗಂಟು ಎದ್ದಿವೆ. ಶಾಲೆಯ ಡ್ಯಾನ್ಸಿಗೆ ಫ್ರಾಕ್ ಹಾಕಬೇಕಲ್ಲ, ತೆಗೆಸೋಣವೆಂದು ದಿಲ್‌ಸುಖ್‌ನಗರದ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಗಂಟು ನೋಡುವುದು ಬಿಟ್ಟು ನನ್ನ ಕಣ್ಣನ್ನೇ ನೋಡಿದರು. ರೆಪ್ಪೆಯ ಮೂಲೆಯ ಹಳದಿ ಮಚ್ಚೆ ಯಾವಾಗಿನಿಂದ ಇದೆ ಎಂದು ಕೇಳಿದರು. ಇದು ನಮ್ಮ ಮನೆಯ ಲಕ್ಷ್ಮೀಕಳೆ, ಅಜ್ಜನಿಗಿತ್ತು, ಅವ್ವನಿಗಿದೆ, ಯಜಮಾನರಿಗೂ ಇದೆ ಎಂದು ಜಂಬದಿಂದ ಹೇಳಿದೆ. ಅವರ ಮುಖ ಇಳಿಯಿತು. ಮೂವರ ರಕ್ತವನ್ನೂ ಪರೀಕ್ಷೆ ಮಾಡಿಸಿದರು.

ಅದು ಕೊಬ್ಬಂತೆ ಅವ್ವಾ. ಕೊಲೆಸ್ಟ್ರಾಲ್ ಅನ್ನುತ್ತಾರೆ. ತಿಂದು ಬಂದದ್ದಲ್ಲ, ವಂಶದಲ್ಲೇ ಬಂದದ್ದು. ಹುಟ್ಟಿದ ದಿನದಿಂದ ರಕ್ತದಲ್ಲಿ ಹರಿದು ಹರಿದು ನಾಳದ ಗೋಡೆಯನ್ನು ದಪ್ಪ ಮಾಡುತ್ತದೆ, ಇಲ್ಲಿನ ಬೋರ್ ನೀರಿನ ಪೈಪಿನೊಳಗೆ ಉಪ್ಪು ಕಟ್ಟುವ ಹಾಗೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ನಿನ್ನಪ್ಪ ಅಮರಯ್ಯಜ್ಜ ಮೂವತ್ತೆಂಟಕ್ಕೇ ಜೋಳದ ಚೀಲ ಎತ್ತುವಾಗ ಬಿದ್ದು ಸತ್ತರೆ, ಕೆಟ್ಟ ಕಣ್ಣಿನ ನೆದರು ತಾಗಿತು ಅಂದಿರಿ. ಯಾರ ನೆದರೂ ಅಲ್ಲ, ಇದೇ.

ನನ್ನ ಕಣ್ಣಿಗೆ ಆ ಮಚ್ಚೆ ಮೂಡಿದಾಗ ನೀನು ಓಣಿಗೆಲ್ಲ ಸಕ್ಕರೆ ಹಂಚಿದ್ದೆ. ಈ ಕಳಿ ಮನಿ ಬಿಟ್ಟು ಹೋಗಬಾರದು, ಇಕಿನ್ನ ನನ್ನ ತಮ್ಮಗ ಕೊಡತೀನಿ ಅಂದಿದ್ದೆ. ಮನೆ ಬಿಟ್ಟು ಹೋಗಲಿಲ್ಲ ನೋಡು. ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಬಂದು ನನ್ನ ಕೂಸಿನ ಮೈಯಲ್ಲಿ ಕೂಡಿತು. ಈಗ ಸುಮಾಳ ಕಣ್ಣಲ್ಲೂ ಮೂಡಿದೆ, ಹಂಪಯ್ಯ ಮಾವನಿಗೆ ಮೊದಲೇ ಇದೆ. ಗೊತ್ತಿದ್ದೂ ಅವರಿಬ್ಬರನ್ನು ಗಂಟು ಹಾಕುತ್ತೀಯಾ?

ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಹೇಳಲಾರೆ. ಆದರೂ ನೀನು ಬದುಕಬೇಕು. ಬಂದು ರಕ್ತ ತೋರಿಸು, ಮಾತ್ರೆ ಇದೆ.

ನಿನ್ನ ಬೈಗುಳಕ್ಕೆ ತಯಾರಾಗಿ ಕೂತಿರುವ
ದಾನೇಶ್ವರಿ

ತಾ.ಕ.: ಸುಮಾ, ಇಲ್ಲಿಂದ ಮುಂದೆ ಅವ್ವನಿಗೆ ಓದಿ ಹೇಳಬೇಡ. ತಾರಾ ಆರಾಮ ಇಲ್ಲ. ಕುತ್ತಿಗೆಯ ಸ್ಕ್ಯಾನ್ ಮಾಡಿಸಿದೆವು. ಆರು ವರ್ಷದವಳ ನಾಳದ ಗೋಡೆ ಐವತ್ತು ದಾಟಿದವರಷ್ಟು ದಪ್ಪವಾಗಿದೆಯಂತೆ. ಇಪ್ಪತ್ತು ಮುಟ್ಟುವುದು ಕಷ್ಟ ಅಂದರು. ನಾನು ನನ್ನ ಮದುವೆ ಒಲ್ಲೆ ಅಂದಾಗ ಅವ್ವ ಮೂರು ದಿನ ಊಟ ಬಿಟ್ಟಳು, ನಾನು ಸೋತೆ. ನಿನಗೂ ಹಾಗೇ ಮಾಡುತ್ತಾಳೆ. ನೀನು ಉಂಡು ಮಲಗು, ಹೂಂ ಅನ್ನಬೇಡ.